ನೀರು ನಿಲ್ಲುವ ಜಾಗಕ್ಕೆ ಗರುಗ: ಕರಾವಳಿ ಮನೆಯಂಗಳದಲ್ಲಿ ಭೃಂಗರಾಜ ಬೆಳೆಸುವ ಕ್ರಮ

ಉಡುಪಿ ಕಡೆ ಮಳೆಗಾಲದಲ್ಲಿ ಮದ್ದಿನ ಗಿಡ ಉಳಿಸಿಕೊಳ್ಳುವುದು ಸುಲಭವಲ್ಲ. ಜೂನ್ ಕಳೆಯುವಷ್ಟರಲ್ಲಿ ತುಳಸಿ ಸೊರಗುತ್ತದೆ. ಲೋಳೆಸರ ಬುಡದಿಂದಲೇ ಕೊಳೆಯುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಲ್ವಾ, ಬೇರು ಉಸಿರಾಡಲು ಬಿಡುವೇ ಸಿಗುವುದಿಲ್ಲ. ಆದರೆ ಆ ನೀರನ್ನೇ ಬಯಸುವ ಒಂದು ಗಿಡ ನಮ್ಮಲ್ಲಿದೆ. ಅದು ಗರುಗ. ಅಂಗಡಿಯ ಎಣ್ಣೆ ಬಾಟಲಿಯ ಮೇಲೆ ಅದನ್ನೇ ಭೃಂಗರಾಜ ಎಂದು ಬರೆದಿರುತ್ತಾರೆ.

ಗರುಗ ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂ, ಆಸ್ಟರ್ ಇವುಗಳ ಬಳಗದ್ದು. ಸಸ್ಯಶಾಸ್ತ್ರದಲ್ಲಿ ಈ ಕುಟುಂಬಕ್ಕೆ ಆಸ್ಟರೇಸಿ ಎನ್ನುತ್ತಾರೆ. ಗಿಡದ ಹೆಸರು ಎಕ್ಲಿಪ್ಟಾ ಪ್ರೊಸ್ಟ್ರಾಟಾ. ಎಷ್ಟೋ ಕಡೆ ಎಕ್ಲಿಪ್ಟಾ ಆಲ್ಬಾ ಎಂದೂ ಬರೆದಿರುತ್ತದೆ, ಎರಡೂ ಒಂದೇ ಗಿಡ.

‘ಕಾಡು ಆಸ್ಟರ್’ ಬೆಳೆಸಬೇಕು ಎಂದು ಆನ್‌ಲೈನ್‌ನಲ್ಲಿ ಬೀಜದ ಪೊಟ್ಟಣ ತರಿಸುವವರು ಈಗ ಜಾಸ್ತಿ. ಅವರಿಗೆ ಒಂದು ಮಾತು. ನ್ಯೂ ಇಂಗ್ಲೆಂಡ್ ಆಸ್ಟರ್‌ನಂಥ ಗಿಡಗಳು ಉತ್ತರ ಅಮೆರಿಕದ ಚಳಿ ಊರಿನವು. ಅವುಗಳ ಬೀಜಕ್ಕೆ ಒಂದೆರಡು ತಿಂಗಳು ತೇವದ ಚಳಿ ತಾಗಿದರೆ ಮಾತ್ರ ಚೆನ್ನಾಗಿ ಮೊಳೆಯುತ್ತವೆ. ಗಿಡಕ್ಕೂ ವರ್ಷಕ್ಕೊಮ್ಮೆ ಚಳಿಗಾಲದ ನಿದ್ದೆ ಬೇಕು. ಬೀಜವನ್ನು ಫ್ರಿಜ್‌ನಲ್ಲಿಟ್ಟು ಮೊಳೆಸಬಹುದು, ಆದರೆ ಗಿಡಕ್ಕೆ ಮಂಗಳೂರಿನ ಬಾಲ್ಕನಿಯಲ್ಲಿ ಚಳಿಗಾಲ ಎಲ್ಲಿಂದ ತರುವುದು? ಅದೇ ಬಳಗದ್ದು, ನಮ್ಮ ಸೆಕೆಗೂ ಮಳೆಗೂ ಒಗ್ಗಿದ ಕಾಡುಗಿಡ ಗದ್ದೆಯಂಚಿನಲ್ಲೇ ಇರುವಾಗ ಅದಕ್ಕೇ ಒಂದು ಕುಂಡ ಮೀಸಲಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಗದ್ದೆಯಲ್ಲಿ ಸಿಗುವುದನ್ನು ಮನೆಯಲ್ಲಿ ಯಾಕೆ ಬೆಳೆಸಬೇಕು ಎಂದು ಕೇಳಬಹುದು. ಕಾರಣ ಇದೆ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಾದ ಮೇಲೆ ಒದ್ದೆ ಗದ್ದೆಯಲ್ಲಿ, ಕಟ್ಟಹುಣಿಯ (ಗದ್ದೆ ಬದುವಿನ) ಬದಿಯಲ್ಲಿ ಗರುಗ ತಾನಾಗಿ ಬರುತ್ತಿತ್ತು. ಈಗ ಸಾಗುವಳಿಯಿಲ್ಲದೆ ಹಡಿಲು ಬಿದ್ದ ಗದ್ದೆಗಳಲ್ಲಿ ಎತ್ತರದ ಹುಲ್ಲು ಎದ್ದು ಅದರ ನೆರಳಿಗೆ ಗರುಗ ಮಾಯವಾಗುತ್ತದೆ. ಸಾಗುವಳಿ ಇರುವ ಕಡೆ ಕಳೆನಾಶಕ ಹೊಡೆಯುವವರಿದ್ದಾರೆ. ಮನೆಯಂಗಳಕ್ಕೆ ಇಂಟರ್‌ಲಾಕ್ ಬಂದಿದೆ. ಸುಲಭಕ್ಕೆ ಕಾಣಸಿಗುವುದು ರಸ್ತೆ ಬದಿಯ ಚರಂಡಿಯಲ್ಲಿ. ಅಲ್ಲಿಯದನ್ನು ಕಿತ್ತು ತಂದು ತಲೆಗೆ ಹಚ್ಚುವ ಎಣ್ಣೆ ಕಾಯಿಸುವುದು ಬೇಡವೇ ಬೇಡ.

ಮೊದಲು ಗಿಡ ಗುರುತಿಸಿ

ಈ ಹಂತಕ್ಕೆ ಸಮಯ ಕೊಡಿ. ಬೆಳೆಸುವುದು ಸುಲಭ, ತಪ್ಪು ಗಿಡ ತರುವುದು ಇನ್ನೂ ಸುಲಭ.

ಗರುಗ ನೆಲ ಹಿಡಿದು ಹರಡುತ್ತದೆ, ಇಲ್ಲವೇ ಮೊಣಕಾಲೆತ್ತರಕ್ಕೆ ಏಳುತ್ತದೆ. ಕಾಂಡಕ್ಕೆ ಸ್ವಲ್ಪ ಕೆಂಪು ಅಥವಾ ನೇರಳೆ ಛಾಯೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ತೊಟ್ಟು ಇಲ್ಲ ಎನ್ನುವಷ್ಟು ಕಡಿಮೆ. ಎಲೆ ಉದ್ದ, ತುದಿ ಚೂಪು. ಒಂದು ಎಲೆಯನ್ನು ಬುಡದಿಂದ ತುದಿಯ ಕಡೆಗೆ ಸವರಿ ನೋಡಿ, ಅಷ್ಟೇನೂ ಗೊತ್ತಾಗುವುದಿಲ್ಲ. ಈಗ ತುದಿಯಿಂದ ಬುಡದ ಕಡೆಗೆ ಸವರಿ. ಬೆರಳಿಗೆ ತರಿತರಿಯಾಗಿ ತಾಗುತ್ತದೆ. ಎಲೆಗೆ ಒತ್ತಿಕೊಂಡ ಸಣ್ಣ ಗಡಸು ರೋಮಗಳೆಲ್ಲ ತುದಿಯ ಕಡೆಗೇ ಮುಖ ಮಾಡಿರುತ್ತವೆ, ಅದಕ್ಕೇ ಹಾಗೆ.

ಹೂ ಬಿಳಿ. ಅಗಲ ಒಂದು ಸೆಂಟಿಮೀಟರ್‌ನಷ್ಟೂ ಇರುವುದಿಲ್ಲ. ಮಸೂರ ಇದ್ದರೆ ಅದರಡಿ ಹಿಡಿದು ನೋಡಿ, ಫೋನಿನ ಕ್ಯಾಮೆರಾ ಆದರೂ ಸಾಕು. ಸುತ್ತ ನೂಲಿನಷ್ಟು ತೆಳುವಾದ ಬಿಳಿ ಎಸಳುಗಳು ಒತ್ತೊತ್ತಾಗಿ ಇರುತ್ತವೆ. ಒಂದೊಂದು ಎಸಳೂ ಒಂದು ಪೂರ್ತಿ ಹೂವೇ. ನಡುವಿನ ತಟ್ಟೆಯಲ್ಲಿ ಇನ್ನೂ ಪುಟ್ಟ ಹೂಗಳು, ಒಂದೊಂದಕ್ಕೂ ನಾಲ್ಕು ಸೀಳು, ಒಳಗೆ ಕಪ್ಪು ಬಣ್ಣದ ಪರಾಗಕೋಶ. ನಾವು ಒಂದು ಹೂ ಎನ್ನುವುದು ಹತ್ತಾರು ಹೂಗಳ ಗೊಂಚಲು. ಸೇವಂತಿಗೆಯದೂ ಇದೇ ಕಥೆ, ಆದರೆ ಇಷ್ಟು ಸಣ್ಣ ಜಾಗದಲ್ಲಿ ಅದೆಲ್ಲ ಅಡಗಿರುವುದನ್ನು ನೋಡುವ ಖುಷಿಯೇ ಬೇರೆ. ಎಸಳು ಉದುರಿದ ಮೇಲೆ ಹಸಿರು ಗುಂಡಿಯ ಹಾಗೆ ಚಪ್ಪಟೆಯಾದ ಕಾಯಿ ಉಳಿಯುತ್ತದೆ.

ಕೊನೆಯ ಪರೀಕ್ಷೆ ರಸದ್ದು. ಎಳೆ ಕಾಂಡವೊಂದನ್ನು ಮುರಿದು, ಎಲೆಯೊಂದನ್ನು ಅಂಗೈಯಲ್ಲಿ ಹೊಸಕಿ ಕೆಲವು ನಿಮಿಷ ಬಿಡಿ. ಮುರಿದ ಜಾಗ ಗಾಳಿ ತಾಗಿ ಕಪ್ಪಾಗುತ್ತದೆ, ಕೈಗೂ ಕಪ್ಪು ಹಿಡಿಯುತ್ತದೆ. ಹಿಂದೆ ಹಚ್ಚೆ ಹಾಕಲು ಇದರ ರಸ ಬಳಸುತ್ತಿದ್ದುದು ಇದೇ ಗುಣಕ್ಕೆ. ಕಪ್ಪಾಗದಿದ್ದರೆ ಅದು ಗರುಗ ಅಲ್ಲ, ಬಿಟ್ಟುಬಿಡಿ.

ಹೋಲುವ ಗಿಡಗಳು ಮುಖ್ಯವಾಗಿ ಮೂರು. ಹೊನಗೊನೆ ಸೊಪ್ಪು ಒದ್ದೆ ಜಾಗದಲ್ಲೇ ಬರುತ್ತದೆ, ಎಲೆಯೂ ಎದುರುಬದುರು. ಆದರೆ ಎಲೆ ನುಣುಪು, ಬಿಳಿ ಹೂ ಕಾಗದದ ಹಾಗೆ ಗರಿಗರಿ, ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಎರಡನೆಯದು ಟ್ರೈಡಾಕ್ಸ್. ಶಾಲೆಗೆ ಹೋಗುವಾಗ ಗಾಯಕ್ಕೆ ರಸ ಹಿಂಡುತ್ತಿದ್ದೆವಲ್ಲ, ಆ ಗಿಡ. ಅದರ ಹೂವಿಗೆ ಉದ್ದದ ಒಂಟಿ ದಂಟು, ನಡುವೆ ಹಳದಿ, ಸುತ್ತ ಅಗಲವಾದ ನಾಲ್ಕೈದು ಎಸಳು. ಬೀಜಕ್ಕೆ ಹಾರಲು ತುಪ್ಪಳ ಇರುತ್ತದೆ. ಗರುಗದ ಬೀಜಕ್ಕೆ ಅದಿಲ್ಲ.

ಮೂರನೆಯದರ ಬಗ್ಗೆ ಎಚ್ಚರ ಹೇಳಲೇಬೇಕು. ಒಮ್ಮೆ ಒಂದು ನರ್ಸರಿಯಲ್ಲಿ ‘ಭೃಂಗರಾಜ ಉಂಟಾ’ ಎಂದು ಕೇಳಿದಾಗ ಹಳದಿ ಹೂವಿನ ಬಳ್ಳಿಯೊಂದನ್ನು ತೋರಿಸಿ ‘ಇದುವೇ, ಹಳದಿ ಭೃಂಗರಾಜ, ಕೊಂಡೋಗಿ’ ಎಂದರು. ಅದು ವೆಡೇಲಿಯಾ. ಲಾನಿನ ಬದಲು ನೆಲ ಮುಚ್ಚಲು ನೆಡುತ್ತಾರಲ್ಲ, ಅದೇ. ಅಮೆರಿಕದ ಉಷ್ಣವಲಯದಿಂದ ಬಂದ ಗಿಡ, ಲೋಕದ ಕೆಟ್ಟ ಆಕ್ರಮಣಕಾರಿ ಗಿಡಗಳ ಪಟ್ಟಿಯಲ್ಲಿ ಸೇರಿದೆ. ಒಮ್ಮೆ ತೋಡಿನ ಬದಿ ಹಿಡಿದರೆ ಬೇರೆ ಏನನ್ನೂ ಏಳಲು ಬಿಡುವುದಿಲ್ಲ. ಆಯುರ್ವೇದದಲ್ಲಿ ಹೇಳುವ ಹಳದಿ ಭೃಂಗರಾಜ ಇದರ ಹತ್ತಿರದ ಸಂಬಂಧಿಯಾದ ನಮ್ಮದೇ ನೆಲದ ಗಿಡ. ಅದರ ಎಲೆಗೆ ಸೀಳು ಇರುವುದಿಲ್ಲ, ಹೂ ಚಿಕ್ಕದು. ವೆಡೇಲಿಯಾದ ಎಲೆ ದಪ್ಪ, ಹೊಳಪು, ಹೆಚ್ಚಾಗಿ ಮೂರು ಸೀಳಿನದು. ಸಂಶಯ ಬಂದರೆ ತರಬೇಡಿ.

ಎಲ್ಲಿಂದ, ಯಾವಾಗ ತರುವುದು

ಪರಿಚಯದವರ ಗದ್ದೆ, ಅಡಿಕೆ ತೋಟದ ಕಣಿ (ನೀರು ಹರಿಯುವ ಕಾಲುವೆ), ಬಾವಿಯ ಸುತ್ತಮುತ್ತ ಹುಡುಕಿ. ಕಳೆನಾಶಕ ಹೊಡೆದಿದ್ದಾರಾ ಎಂದು ಕೇಳಿಕೊಂಡೇ ಕೀಳಿ. ಇಡೀ ಗಿಡ ಬೇಡ, ನೆಲಕ್ಕೆ ಒರಗಿದ ಕಾಂಡಗಳನ್ನು ಎತ್ತಿ ನೋಡಿ. ಗೆಣ್ಣುಗಳಲ್ಲಿ ಬಿಳಿ ಬೇರು ಮೂಡಿರುತ್ತದೆ. ಅಂಥ ನಾಲ್ಕೈದು ತುಂಡು ಸಾಕು.

ಕಾಂಡ ನೆಡಲು ಒಳ್ಳೆಯ ಹೊತ್ತು ಮಳೆ ಶುರುವಾಗುವ ಜೂನ್. ಬೀಜ ಬಿತ್ತಲು ಚೌತಿ ಕಳೆದು ಮಳೆಯ ರಭಸ ತಗ್ಗಬೇಕು. ಜುಲೈಯ ಜಡಿಮಳೆಯಲ್ಲಿ ಬೀಜ ಬಿತ್ತಿದರೆ ಮಾಡಿನ (ಛಾವಣಿಯ) ನೀರು ಬೀಜವನ್ನು ಹೊತ್ತುಕೊಂಡೇ ಹೋಗುತ್ತದೆ.

ಕಾಂಡದಿಂದ ಗಿಡ ಮಾಡುವುದು

ನಾಲ್ಕಿಂಚು ಉದ್ದದ, ತೀರಾ ಎಳೆಯದೂ ಅಲ್ಲದ, ಬಲಿತು ಗಟ್ಟಿಯಾದದ್ದೂ ಅಲ್ಲದ ತುಂಡು ತೆಗೆದುಕೊಳ್ಳಿ. ಕೆಳಗಿನ ಎಲೆ ಕಿತ್ತು ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ನೆಡಿ. ಹೂ, ಮೊಗ್ಗು ಇದ್ದರೆ ಚಿವುಟಿ. ಮಣ್ಣು ಕೆಸರಿನಷ್ಟು ಒದ್ದೆ ಇರಲಿ, ಕುಂಡ ಕೆಲವು ದಿನ ನೆರಳಿನಲ್ಲಿರಲಿ. ಹೊಸ ಚಿಗುರು ಕಂಡ ಮೇಲೆ ಬಿಸಿಲಿಗೆ ಸರಿಸಿ. ಹಾರ್ಮೋನ್ ಪುಡಿ ಗಿಡಿ ಏನೂ ಬೇಡ, ಸುಮ್ನೆ ಒಂದು ಲೋಟ ನೀರಿನಲ್ಲಿಟ್ಟರೂ ಬೇರು ಬರುತ್ತದೆ.

ಬೀಜದಿಂದ ಮಾಡುವುದಾದರೆ

ಹಸಿರು ಗುಂಡಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರುವಂತಾದಾಗ ಕೊಯ್ಯಿರಿ. ಅಂಗೈಯಲ್ಲಿ ತಿಕ್ಕಿದರೆ ಒರಟು ಮೈಯ ಸಣ್ಣ ಬೀಜಗಳು ಸಿಗುತ್ತವೆ. ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ.

ಬಿತ್ತುವಾಗ ನೆನಪಿಡಬೇಕಾದ್ದು ಒಂದೇ. ಬೀಜದ ಮೇಲೆ ಮಣ್ಣು ಮುಚ್ಚಬೇಡಿ. ಗರುಗದ ಬೀಜ ಮೊಳೆಯಲು ಬೆಳಕು ಬೇಕು. ಅರ್ಧ ಸೆಂಟಿಮೀಟರ್ ಮಣ್ಣು ಬಿದ್ದರೂ ಮೊಳಕೆ ಮೇಲೆ ಬರುವುದು ಕಷ್ಟ. ‘ಬೀಜ ಹಾಕಿದೆ, ಹುಟ್ಟಲೇ ಇಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಬೆಂಡೆ, ಅಲಸಂಡೆಯ ಹಾಗೆ ಬೆರಳಿನಿಂದ ಒತ್ತಿ ಹೂತಿರುತ್ತಾರೆ. ಒದ್ದೆ ಮಣ್ಣನ್ನು ಸಮ ಮಾಡಿ, ಮೇಲೆ ಬೀಜ ಉದುರಿಸಿ, ಅಂಗೈಯಿಂದ ಮೆಲ್ಲ ತಟ್ಟಿ. ಹೂಜಿಯಲ್ಲಿ ನೀರು ಸುರಿಯದೆ ತುಂತುರು ಹಾಕಿ. ಪಾರದರ್ಶಕ ಡಬ್ಬಿಯ ಮುಚ್ಚಳ ಮುಚ್ಚಿಟ್ಟರೆ ಮೇಲ್ಮಣ್ಣು ಒಣಗುವುದಿಲ್ಲ. ನಮ್ಮ ಸೆಕೆಗೆ ಒಂದು ವಾರ, ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ಮೊದಮೊದಲು ತುಂಬ ನಿಧಾನ. ನಾಲ್ಕಾರು ಎಲೆ ಬಂದ ಮೇಲೆ ಬೇರೆ ಕುಂಡಕ್ಕೆ ಬದಲಿಸಿ.

ಕುಂಡ ಮತ್ತು ಮಣ್ಣು

ಆಳಕ್ಕಿಂತ ಅಗಲ ಮುಖ್ಯ. ಕಾಂಡ ಬಾಗಿ ಮಣ್ಣು ಮುಟ್ಟಿದ ಕಡೆಯೆಲ್ಲ ಬೇರಿಳಿಸುವ ಗಿಡ ಇದು. ಒಂದಡಿಗಿಂತ ಅಗಲವಾದ ಚಟ್ಟಿ, ಹಳೆಯ ಬೇಸಿನ್, ಒಡೆದ ಬಾಲ್ದಿಯ ಕೆಳಭಾಗ ಯಾವುದೂ ಆದೀತು.

ಬೇರೆ ಗಿಡದ ಕುಂಡಕ್ಕೆ ತಳದಲ್ಲಿ ತೂತು ಮಾಡುತ್ತೇವೆ. ಗರುಗಕ್ಕೆ ತಳ ಬಿಟ್ಟು, ಪಕ್ಕದಲ್ಲಿ ಎರಡಿಂಚು ಮೇಲೆ ತೂತು ಮಾಡಿ. ಆಗ ತಳದ ಮಣ್ಣಿನಲ್ಲಿ ಸದಾ ನೀರು ಉಳಿಯುತ್ತದೆ, ಹೆಚ್ಚಾದದ್ದು ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಎರಡು ದಿನ ಊರಿಗೆ ಹೋಗಿ ಬಂದರೂ ಗಿಡ ಬದುಕಿರುತ್ತದೆ. ಆದರೆ ನೀರು ಮಣ್ಣಿನೊಳಗೇ ಇರಬೇಕು, ಮೇಲೆ ಕೆರೆಯಂತೆ ನಿಲ್ಲಬಾರದು. ಕುಂಡದ ಅಡಿಗೆ ತಟ್ಟೆ ಇಟ್ಟು ನೀರು ತುಂಬಿಸಬೇಡಿ. ಮಲೇರಿಯ, ಡೆಂಗಿ ಕಾಟ ಮಂಗಳೂರು, ಉಡುಪಿಯಲ್ಲಿ ಎಲ್ಲರಿಗೂ ಗೊತ್ತಿದೆ.

ಬರೀ ಮುರಕಲ್ಲಿನ ಕೆಂಪು ಮಣ್ಣು ಈ ಗಿಡಕ್ಕೆ ಆಗಿಬರುವುದಿಲ್ಲ. ನೀರು ಹಿಡಿಯುವುದಿಲ್ಲ, ಹುಳಿ ಗುಣ ಬೇರೆ. ಗದ್ದೆಯ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಪಾಲು, ಮೇಲೆ ಎರಡು ಹಿಡಿ ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು) ಬೆರೆಸಿ. ಸುಡುಮಣ್ಣಿನ ಬೂದಿ ಹುಳಿಯನ್ನು ತಗ್ಗಿಸುತ್ತದೆ, ಪೊಟ್ಯಾಷ್ ಕೊಡುತ್ತದೆ. ಸುಡುಮಣ್ಣು ಸಿಗದ ಫ್ಲ್ಯಾಟಿನವರು ಒಂದು ಹಿಡಿ ಒಲೆಬೂದಿ ಹಾಕಬಹುದು. ಅದೂ ಇಲ್ಲದಿದ್ದರೆ ಬಿಡಿ, ಗಿಡ ಮುನಿಸಿಕೊಳ್ಳುವುದಿಲ್ಲ. ಗೊಬ್ಬರ ಮಾತ್ರ ಅತಿ ಮಾಡಬೇಡಿ. ಕಾಂಡ ಉದ್ದುದ್ದ, ಪೊಳ್ಳಾಗಿ ಬೆಳೆದು ಸಸ್ಯಹೇನು ಮುತ್ತುತ್ತವೆ.

ನೆಲದಲ್ಲೇ ನೆಡುವ ಭಾಗ್ಯ ಇರುವವರು ಬಾವಿಕಟ್ಟೆಯ ಚೆಲ್ಲುನೀರು ಹೋಗುವ ಕಡೆ, ಮಾಡಿನ ನೀರು ಇಳಿಯುವ ಕಡೆ ನೆಡಿ. ಉಳಿದ ಗಿಡಗಳು ಕೊಳೆತು ಹೋದ ಆ ಜಾಗವೇ ಇದಕ್ಕೆ ಚೆನ್ನ. ಸಾಬೂನು ನೀರು ಬರುವ ಬಚ್ಚಲು ತೋಡು ಮಾತ್ರ ಬೇಡ. ಪಕ್ಕದಲ್ಲಿ ತಿಮರೆ (ಒಂದೆಲಗ) ಹಬ್ಬಿಸಿದರೆ ಎರಡೂ ಹೊಂದಿಕೊಂಡು ಬೆಳೆಯುತ್ತವೆ.

ಬಿಸಿಲು, ನೀರು

ಅರ್ಧ ದಿನದ ಬಿಸಿಲಾದರೂ ಬೇಕು. ನೆರಳಿನಲ್ಲಿ ಗಿಡ ಸಾಯುವುದಿಲ್ಲ, ಆದರೆ ಗೆಣ್ಣು ದೂರ ದೂರವಾಗಿ ಎಲೆ ತೆಳ್ಳಗಾಗುತ್ತದೆ. ಮಳೆಗಾಲದಲ್ಲಿ ನೀರಿನ ಕೆಲಸವೇ ಇಲ್ಲ. ದೀಪಾವಳಿ ಕಳೆದ ಮೇಲೆ ದಿನಾ ನೀರು ಕೊಡಿ. ಮಾರ್ಚ್‌ನಿಂದ ಬೆಳಿಗ್ಗೆ, ಸಂಜೆ ಎರಡು ಸಲ ಬೇಕು, ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಮಡಲಿನ ಮರೆ ಇದ್ದರೆ ಒಳ್ಳೆಯದು. ಕಡಲಿನ ಹತ್ತಿರದ ಮನೆಗಳಲ್ಲಿ ಏಪ್ರಿಲ್–ಮೇ ಹೊತ್ತಿಗೆ ಬಾವಿ ನೀರು ಉಪ್ಪಾಗುತ್ತದೆ. ಎಲೆಯಂಚು ಸುಟ್ಟ ಹಾಗೆ ಕಂಡರೆ ನಳ್ಳಿ ನೀರಿಗೆ ಬದಲಿಸಿ, ಒಮ್ಮೆ ಧಾರಾಳ ನೀರು ಹಾಯಿಸಿ ಉಪ್ಪು ತೊಳೆಯಿರಿ.

ಗಿಡ ಒಂದು ಗೇಣು ಬಂದಾಗ ತುದಿ ಚಿವುಟಿ, ಪಕ್ಕದಿಂದ ಕವಲೊಡೆದು ಪೊದೆಯಾಗುತ್ತದೆ.

ರೋಗ, ಕೀಟ ಹೆಚ್ಚಿಲ್ಲ. ಮಳೆಗಾಲದ ರಾತ್ರಿ ಬಸವನಹುಳು ಎಳೆ ಗಿಡ ಮೇಯುತ್ತದೆ, ಟಾರ್ಚ್ ಹಿಡಿದು ಹೆಕ್ಕಿ ತೆಗೆಯುವುದೇ ಒಳ್ಳೆಯ ಉಪಾಯ. ಚಳಿಗಾಲದಲ್ಲಿ ಎಲೆ ಮೇಲೆ ಬಿಳಿ ಬೂದಿ ಕಂಡರೆ ಆ ಕೊಂಬೆಗಳನ್ನು ಕತ್ತರಿಸಿ ತೆಗೆಯಿರಿ, ಹೊಸ ಚಿಗುರು ಶುಚಿಯಾಗಿ ಬರುತ್ತದೆ. ತಲೆಗೆ, ಮೈಗೆ ಹಚ್ಚುವ ಗಿಡ ಅಲ್ವಾ, ವಿಷದ ಮದ್ದು ಹೊಡೆಯುವುದು ಸಲ್ಲ.

ಹದ್ದುಬಸ್ತಿನಲ್ಲಿಡುವುದು

ಗರುಗ ಭತ್ತದ ಗದ್ದೆಗೆ ಕಳೆ ಎಂಬುದನ್ನು ಮರೆಯಬಾರದು. ಒಂದು ಗಿಡ ಬಿಡುವ ಬೀಜ ಲೆಕ್ಕವಿಲ್ಲದಷ್ಟು, ಮಳೆನೀರು ಹರಿದ ಕಡೆಗೆಲ್ಲ ಹೋಗುತ್ತದೆ. ಆದ್ದರಿಂದ ತರಕಾರಿ ಸಾಲಿನ ಮೇಲ್ಭಾಗದಲ್ಲಿ, ಪಕ್ಕದವರ ಗದ್ದೆಗೆ ನೀರು ಇಳಿಯುವ ಕಡೆ ಕುಂಡ ಇಡಬೇಡಿ. ಬೀಜಕ್ಕೆಂದು ಒಂದೆರಡು ಕೊಂಬೆ ಬಿಟ್ಟು ಉಳಿದ ಕಾಯಿಗಳನ್ನು ಬಲಿಯುವ ಮೊದಲೇ ಕಿತ್ತುಬಿಡಿ. ಸುತ್ತಲಿನ ನೆಲಕ್ಕೆ ತರಗೆಲೆ ಹೊದಿಸಿದರೆ ಇನ್ನೂ ಸುಲಭ. ಬೆಳಕಿಲ್ಲದೆ ಬೀಜ ಮೊಳೆಯುವುದಿಲ್ಲ ಎಂದೆನಲ್ಲ, ಆ ಗುಣ ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ.

ಕೊಯ್ಲು

ಹೂ ಬರಲು ಶುರುವಾದಾಗ ಕೊಯ್ಯಿರಿ. ಬುಡದಿಂದ ನಾಲ್ಕು ಬೆರಳು ಬಿಟ್ಟು, ಗೆಣ್ಣಿನ ಮೇಲೆ ಕತ್ತರಿಸಿ. ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ಎರಡು ಮೂರು ಕೊಯ್ಲಾದ ಮೇಲೆ ಕಾಂಡ ಗಡಸಾಗಿ ಎಲೆ ಸಣ್ಣದಾಗುತ್ತದೆ. ಆಗ ತುದಿಯ ತುಂಡುಗಳನ್ನು ಹೊಸ ಮಣ್ಣಿಗೆ ನೆಟ್ಟು ಹಳೆಯದನ್ನು ತೆಗೆದುಬಿಡಿ. ಮೇ ತಿಂಗಳಿಗೆ ಹೇಗಾದರೂ ಒಂದು ಕುಂಡ ಉಳಿಸಿಕೊಂಡರೆ ಜೂನ್‌ಗೆ ಕಾಂಡ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಎಣ್ಣೆ ಕಾಯಿಸುವುದು

ಬಹಳ ಜನ ಗರುಗ ಬೆಳೆಸುವುದೇ ಇದಕ್ಕೆ. ಬಿಳಿ ಕೂದಲು ಕಪ್ಪಾಗುತ್ತದೆ, ಬೋಳಾದಲ್ಲಿ ಕೂದಲು ಬರುತ್ತದೆ ಎಂಬ ಭರವಸೆಯನ್ನು ನಾನು ಕೊಡುವುದಿಲ್ಲ. ತಲೆ ತಂಪಾಗಲು, ಕೂದಲು ಒರಟಾಗದಿರಲು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಳಸಿದ ಎಣ್ಣೆ ಇದು, ಅಷ್ಟು ಸಾಕು.

ಆಯುರ್ವೇದದ ತೈಲಪಾಕದ ಸಾಮಾನ್ಯ ಲೆಕ್ಕದಲ್ಲಿ ಒಂದು ಪಾಲು ಎಣ್ಣೆಗೆ ನಾಲ್ಕು ಪಾಲು ದ್ರವ, ಕಾಲು ಪಾಲು ಅರೆದ ಕಲ್ಕ. ಮನೆಯ ಒಂದೆರಡು ಕುಂಡದ ಸೊಪ್ಪಿಗೆ ಅಷ್ಟು ರಸ ಹೊರಡುವುದಿಲ್ಲ. ಕಾಲು ಲೀಟರ್ ತೆಂಗಿನೆಣ್ಣೆಗೆ ಅಷ್ಟೇ ರಸ ಇದ್ದರೂ ಒಳ್ಳೆಯ ಎಣ್ಣೆ ಆಗುತ್ತದೆ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದು, ನೀರು ಬಸಿದು, ಆದಷ್ಟು ಕಡಿಮೆ ನೀರು ಸೇರಿಸಿ ರುಬ್ಬಿ ಹಿಂಡಿ. ರಸ ಕಾಯಿಸದೆ ಇಡಬೇಡಿ, ಅದೇ ದಿನ ಒಲೆಗೇರಿಸಿ.

ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಮತ್ತು ರಸ ಸೇರಿಸಿ ಸಣ್ಣ ಉರಿಯಲ್ಲಿಡಿ. ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಉಕ್ಕುತ್ತದೆ. ಆಗಾಗ ತಳ ಕೆರೆದು ಕೈಯಾಡಿಸಿ. ಶುರುವಿನಲ್ಲಿ ತಳದ ಸೊಪ್ಪಿನ ಚರಟ ಕೆಸರಿನ ಹಾಗೆ ಅಂಟುತ್ತದೆ. ನೀರು ಆರುತ್ತ ಬಂದ ಹಾಗೆ ಅದು ಮೇಣದಷ್ಟು ಗಟ್ಟಿಯಾಗುತ್ತದೆ, ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗುತ್ತದೆ. ಆ ಹೊತ್ತಿಗೆ ಎಣ್ಣೆಯ ಮೇಲೆ ನೊರೆ ಏಳುತ್ತದೆ, ಬಣ್ಣ ಕಪ್ಪುಹಸಿರು. ಹತ್ತಿಯ ಬತ್ತಿಗೆ ಒಂದು ತೊಟ್ಟು ಎಣ್ಣೆ ತಾಗಿಸಿ ಉರಿಸಿ ನೋಡಿ. ಚಟಪಟ ಸದ್ದು ಬಂದರೆ ನೀರಿನಂಶ ಇನ್ನೂ ಇದೆ, ಸದ್ದಿಲ್ಲದೆ ಉರಿದರೆ ಪಾಕ ಆಯಿತು. ಕೂಡಲೇ ಇಳಿಸಿ. ಚರಟ ಗರಿಗರಿಯಾಗಿ ಕರಟುವಷ್ಟು ಬಿಟ್ಟರೆ ಎಣ್ಣೆ ಸುಟ್ಟ ವಾಸನೆ ಬರುತ್ತದೆ.

ಮೊದಲ ಸಲ ಹಚ್ಚುವವರು ಮೊಣಕೈ ಒಳಭಾಗಕ್ಕೆ ಸ್ವಲ್ಪ ಸವರಿ ಒಂದು ದಿನ ಕಾದು ನೋಡಿ. ಸೇವಂತಿಗೆ ಬಳಗದ ಗಿಡಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ರಸವನ್ನು ಹೊಟ್ಟೆಗೆ ತೆಗೆದುಕೊಳ್ಳುವುದು ವೈದ್ಯರು ಹೇಳಿದರೆ ಮಾತ್ರ. ಇದರ ರಸದಲ್ಲಿ ಬಟ್ಟೆ ಅದ್ದಿ ಒಣಗಿಸಿ, ಬತ್ತಿ ಮಾಡಿ ಉರಿಸಿ ಮಗುವಿನ ಕಣ್ಣಿಗೆ ಕಾಡಿಗೆ ಹಿಡಿಯುವ ಕ್ರಮ ಹಿಂದೆ ಇತ್ತು. ಈಗಿನ ಮಕ್ಕಳ ಡಾಕ್ಟರುಗಳು ಕಣ್ಣಿಗೆ ಕಾಡಿಗೆ ಬೇಡ ಎನ್ನುತ್ತಾರೆ, ಆ ಮಾತು ಕೇಳುವುದು ಒಳ್ಳೆಯದು.

ಎಣ್ಣೆ ಉಗುರುಬೆಚ್ಚಗಿರುವಾಗ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ. ಆ ಬಟ್ಟೆಯ ಕಪ್ಪು ಮತ್ತೆ ಹೋಗುವುದಿಲ್ಲ, ಒಳ್ಳೆಯ ಬಟ್ಟೆ ಬಳಸಬೇಡಿ. ನೀರಿನ ಪಸೆ ಇಲ್ಲದ ಗಾಜಿನ ಬಾಟಲಿಗೆ ತುಂಬಿ, ಬಿಸಿಲು ತಾಗದ ಕಪಾಟಿನಲ್ಲಿಡಿ. ತುಳುವರ ಆಟಿ ತಿಂಗಳಿನ (ಜುಲೈ–ಆಗಸ್ಟ್) ತೇವಕ್ಕೆ ಮುಚ್ಚಳದಲ್ಲಿ ಬೂಷ್ಟು ಹಿಡಿಯುವುದುಂಟು, ಅದಕ್ಕೆ ದೊಡ್ಡ ಬಾಟಲಿಯ ಬದಲು ಸಣ್ಣ ಸಣ್ಣ ಬಾಟಲಿ ಮಾಡಿ ಒಂದೊಂದಾಗಿ ತೆರೆಯಿರಿ. ಮುಗ್ಗಲು ವಾಸನೆ ಬಂದದ್ದನ್ನು ತಲೆಗೆ ಹಾಕದೆ ಚೆಲ್ಲಿಬಿಡಿ.